ಮಾರ್ತಾಂಡರಾಯರ ಗಿರಾಕಿ ಸಮೀಕ್ಷೆ

ಬಾಗಿಲು ಬಡಿಯಬೇಡಿ, ವಿಳಾಸ ಕೇಳಬೇಡಿ, ಮೆಟ್ಟಿಲ ಮೇಲೆ ಕೂಡಬೇಡಿ, ಒಮ್ಮೆ ಕೊಂಡ ಮಾಲಿನ ಬಗ್ಗೆ ಮತ್ತೆ ಮಾತಾಡಬೇಡಿ ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಅಂಗಡಿಯ ಮುಂದೆ ತೂಗುಹಾಕುವ ಊರು ಪುಣೆ. ಇಂಥ ಊರಿನಲ್ಲಿ ಗಿರಾಕಿಯ ಮನಸ್ಸಿನಲ್ಲಿ ಏನಿದೆ ಎಂದು ಕೇಳಿ ತಿಳಿದುಕೊಳ್ಳುವ ಉದ್ಯೋಗವೊಂದಿದೆ ಎನ್ನುವುದು ಮಾರ್ತಾಂಡರಾವ್ ಕಟಗೇರಿಯವರಿಗೆ ಅರವತ್ಮೂರು ತುಂಬುವವರೆಗೂ ಗೊತ್ತಿರಲಿಲ್ಲ.

ಮಾರ್ತಾಂಡರಾಯರು ಧಾರವಾಡದ ಕಡೆಯವರು. ಶಿವಾಜಿನಗರದ ಒಂದು ಸರಕಾರಿ ಕಚೇರಿಯ ಆವಕ-ಜಾವಕ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತಿದ್ದರು. ಬಂದ ಕಾಗದಕ್ಕೆ ನಂಬರು ಕೊಡುವುದು, ಹೋಗುವ ಕಾಗದಕ್ಕೆ ನಂಬರು ಕೊಡುವುದು ಅವರ ಕೆಲಸ. ನಡುವೆ ಆ ಕಾಗದಕ್ಕೆ ಏನಾಗುತ್ತದೆ ಎಂಬುದು ಅವರಿಗೆ ಸಂಬಂಧಿಸಿದ್ದಲ್ಲ. ಆದರೆ ಅರ್ಜಿ ಹಿಡಿದು ಬಂದವರು ಮೊದಲು ಕಾಣುತ್ತಿದ್ದದ್ದು ಅವರನ್ನೇ. ಯಾವ ಅಧಿಕಾರವೂ ಇಲ್ಲದ್ದರಿಂದ ರಾಯರು ಎಲ್ಲರ ಮಾತನ್ನೂ ಕೊನೆಯವರೆಗೆ ಕೇಳುತ್ತಿದ್ದರು. ಅಧಿಕಾರ ಇದ್ದವರಿಗೆ ಅಷ್ಟು ಪುರಸೊತ್ತು ಎಲ್ಲಿ? ಕೇಳಿಸಿಕೊಂಡದ್ದನ್ನು ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿಡುತ್ತಿದ್ದರು. ಆ ಅಂಚನ್ನು ಓದಿದ ಮೇಲಧಿಕಾರಿ ಮೂವತ್ತೊಂದು ವರ್ಷದಲ್ಲಿ ಒಬ್ಬನೂ ಹುಟ್ಟಲಿಲ್ಲ. ನಿವೃತ್ತಿಯ ದಿನ ಅವರಿಗೊಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಮೇಲೆ ಹೊತ್ತು ಹೋಗುವುದನ್ನು ಮನೆಯಲ್ಲೇ ಕೂತು ನೋಡಿ ಎಂದಿರಬೇಕು.

ಅವರ ಮೇಲಿನ ಮಹಡಿಯಲ್ಲಿ ಬೆಂಗಳೂರಿನಿಂದ ಬಂದ ಪ್ರಣವ ಎಂಬ ತರುಣನಿದ್ದ. ಸಣ್ಣ ಅಂಗಡಿಯವರಿಗೆ ವ್ಯಾಪಾರ ಬೆಳೆಸುವ ಉಪಾಯ ಹೇಳಿಕೊಡುವ ಕಂಪನಿ ಇಟ್ಟಿದ್ದ. ತನ್ನದೇ ಅಂಗಡಿಯನ್ನು ಒಂದು ದಿನವೂ ನಡೆಸಿದವನಲ್ಲವಾದ್ದರಿಂದ ಅವನಿಗೆ ಉಪಾಯಗಳ ಕೊರತೆಯಿರಲಿಲ್ಲ. ಒಂದು ದಿನ ಲಿಫ್ಟಿನಲ್ಲಿ ರಾಯರನ್ನು ಹಿಡಿದ.

"ಅಂಕಲ್, ನಿಮಗೆ ಮರಾಠಿ ಬರತ್ತೆ, ಆ ಕಡೆ ಕನ್ನಡನೂ ಬರತ್ತೆ. ನಮಗೊಬ್ಬರು ಫೀಲ್ಡ್ ರಿಸರ್ಚರ್ ಬೇಕು. ಮೂರೇ ದಿನ. ಕಸ್ಟಮರ್ಸ್ ಹತ್ರ ಮಾತಾಡಿ ಫಾರ್ಮ್ ತುಂಬಿಸಿದ್ರೆ ಆಯ್ತು."

"ನಾ ಬರದದ್ದು ಯಾರರೆ ಓದ್ತಾರೇನಪಾ?" ರಾಯರು ಕೇಳಿದರು.

"ಅಯ್ಯೋ, ಅದರ ಮೇಲೇ ಇಡೀ ಸ್ಟ್ರಾಟೆಜಿ ನಿಂತಿರತ್ತೆ ಅಂಕಲ್!"

ಲಿಫ್ಟು ಮೂರನೆಯ ಮಹಡಿ ಮುಟ್ಟುವಷ್ಟರಲ್ಲಿ ರಾಯರು ಒಪ್ಪಿದ್ದರು. ಮನೆಯೊಳಗೆ ಬಂದು ಹೆಂಡತಿ ಶಾಮಲಾಬಾಯಿಗೆ ಸುದ್ದಿ ಹೇಳಿದಾಗ ಆಕೆ ಮೆಂತ್ಯ ಸೋಸುತ್ತಿದ್ದರು. "ಮನ್ಯಾಗಿನ ಗಿರಾಕಿಗೆ ಏನು ಬೇಕು ಅಂತ ನಲವತ್ತು ವರ್ಷದಾಗ ಒಮ್ಮೆ ಕೇಳಿಲ್ಲ, ಊರ ಮಂದೀನ ಕೇಳಲಿಕ್ಕೆ ಹೊಂಟೀರಿ" ಎಂದರು.

ಕೆಲಸವಿದ್ದದ್ದು ಕಾತ್ರಜದಲ್ಲಿ, ಸಾತಾರಾ ರಸ್ತೆಯ ಬದಿಗೆ. ಬೆಳಗಾವಿ, ಹುಬ್ಬಳ್ಳಿ ಬಸ್ಸು ಹಿಡಿಯುವವರು ನಿಲ್ಲುವ ಜಾಗದ ಎದುರಿಗೇ ಹೊಳಬಸಪ್ಪನ ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಜ್ಜಿಗೆ. ರೊಟ್ಟಿ ಬಡಿಯುವವರು ಒಳಗೆ, ಹೊಳಬಸಪ್ಪ ಹಣದ ಗಲ್ಲೆಯ ಮೇಲೆ, ಅವನ ಹೆಂಡತಿ ಚನ್ನಬಸವ್ವ ಎಲ್ಲ ಕಡೆ. ಇಪ್ಪತ್ತು ವರ್ಷದಿಂದ ನಡೆದ ಖಾನಾವಳಿ, ನಡೆದೇ ಇತ್ತು. ಆದರೆ ರಸ್ತೆಯಾಚೆ ಗಾಜಿನ ಬಾಗಿಲಿನದೊಂದು ಹೊಸ ಹೋಟೆಲು ಬಂದು, ಅದರ ಮುಂದೆ ಕಾರು ನಿಲ್ಲತೊಡಗಿದ ಮೇಲೆ ಹೊಳಬಸಪ್ಪನಿಗೆ ತನ್ನ ಗಿರಾಕಿಗಳು ಕಾಲ್ನಡಿಗೆಯವರು ಎಂಬ ಸಂಕಟ ಹತ್ತಿಕೊಂಡಿತ್ತು.

ಪ್ರಣವ ಕೊಟ್ಟ ಫಾರ್ಮಿನಲ್ಲಿ ನಲವತ್ತೆರಡು ಪ್ರಶ್ನೆಗಳಿದ್ದವು. ಸಿರಿಧಾನ್ಯದೊಂದಿಗೆ ನಿಮ್ಮ ಸಂಬಂಧ ಎಂಥದು? ಈ ಖಾನಾವಳಿ ಒಬ್ಬ ಮನುಷ್ಯನಾಗಿದ್ದರೆ ಅವನ ಸ್ವಭಾವ ಹೇಗಿರುತ್ತಿತ್ತು? ಇದನ್ನು ಗೆಳೆಯರಿಗೆ ಶಿಫಾರಸು ಮಾಡುವ ಸಾಧ್ಯತೆಗೆ ಹತ್ತರಲ್ಲಿ ಎಷ್ಟು ಅಂಕ? ಮೊದಲ ದಿನ ರಾಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪ್ರತಿ ಮೇಜಿಗೂ ಹೋಗಿ, ಒಂದನ್ನೂ ಬಿಡದೆ ಕೇಳಿದರು. ಎಲ್ಲರೂ ಎಲ್ಲದಕ್ಕೂ ಹತ್ತು ಅಂಕ ಕೊಟ್ಟರು. ನಿಪ್ಪಾಣಿಯ ಮಾಸ್ತರೊಬ್ಬರು ಮಾತ್ರ ರಾಯರ ಕಿವಿಗೆ ಬಾಗಿ, "ಕಡಿಮಿ ಹಾಕಿದ್ರ ಆ ಚನ್ನಬಸವ್ವ ಬಾಯಾರಿಗೆ ಕೇಳಸ್ತದ್ರಿ. ಮುಂದಿನ ಸಲ ನನ್ನ ಚೀಲ ಇಟ್ಕೊಳ್ಳೂದಿಲ್ಲ" ಎಂದರು.

ಆ ಒಂದು ಮಾತು ರಾಯರ ತಲೆಯಲ್ಲಿ ಕೂತಿತು. ಎರಡನೆಯ ದಿನ ಫಾರ್ಮನ್ನು ಮಡಚಿ ಕಿಸೆಗಿಟ್ಟು, ಮೂಲೆಯ ಬೆಂಚಿನ ಮೇಲೆ ಸುಮ್ಮನೆ ಕೂತರು. ಆವಕ-ಜಾವಕ ನೋಡುವುದು ಅವರಿಗೆ ಹೊಸದೇನಲ್ಲ. ಒಳಗೆ ಬಂದವರಲ್ಲಿ ಹೆಚ್ಚಿನವರ ಕೈಯಲ್ಲಿ ಗಂಟು, ಬ್ಯಾಗು. ಬಂದವರೇ ಅದನ್ನು ಗೋಡೆಯ ಪಕ್ಕದ ಉದ್ದ ಬೆಂಚಿನ ಮೇಲೆ ಇಡುತ್ತಿದ್ದರು. ಊಟಕ್ಕೆ ಹೇಳುವ ಮೊದಲೇ "ಅಕ್ಕಾರ, ಹುಬ್ಬಳ್ಳಿ ಗಾಡಿ ಎಷ್ಟಕ್ಕ?" ಎಂದು ಕೇಳುತ್ತಿದ್ದರು. ಚನ್ನಬಸವ್ವ ರಸ್ತೆಯ ಕಡೆ ನೋಡದೆಯೇ, "ಇನ್ನೂ ಅರ್ಧಾ ತಾಸ ಐತಿ, ಕುಂಡ್ರು. ಉಂಡ ಹೋಗು" ಎನ್ನುತ್ತಿದ್ದಳು. ಬಸ್ಸಿನ ಕಂಪನಿಯ ಮೊಬೈಲ್ ಆ್ಯಪಿನಲ್ಲಿ ಹತ್ತು ನಿಮಿಷ ಎಂದಿರುತ್ತಿತ್ತು. ಬಸ್ಸು ಬರುತ್ತಿದ್ದದ್ದು ಚನ್ನಬಸವ್ವ ಹೇಳಿದ ಹೊತ್ತಿಗೆ.

ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಎದುರಿನ ಗಾಜಿನ ಹೋಟೆಲಿಗೆ ಗಂಡಸರು ಹೋಗುತ್ತಿದ್ದರು. ಆದರೆ ಜೊತೆಗೆ ಹೆಣ್ಣುಮಗಳಿದ್ದರೆ ಆಕೆ ರಸ್ತೆ ದಾಟಲು ಬಿಡದೆ ಗಂಡನನ್ನು ಇತ್ತ ಎಳೆದು ತರುತ್ತಿದ್ದಳು. ಯಾಕೆಂದು ರಾಯರು ಒಂದಿಬ್ಬರನ್ನು ಕೇಳಿದರು. "ರೊಟ್ಟಿ ಭಾಳ ಚಲೋ ಇರ್ತಾವ್ರಿ" ಎಂದು ಆ ಹೆಂಗಸರು ನೆಲ ನೋಡಿ ಹೇಳಿದರು. ನೆಲ ನೋಡಿ ಹೇಳಿದ ಉತ್ತರದ ಮೇಲೆ ರಾಯರಿಗೆ ಕಚೇರಿಯ ಕಾಲದಿಂದಲೂ ನಂಬಿಕೆಯಿಲ್ಲ.

ಮೂರನೆಯ ದಿನ ಶಾಮಲಾಬಾಯಿಯನ್ನು ಕರೆದುಕೊಂಡು ಬಂದರು. ಆಕೆ ಸಂಶೋಧನೆ ಗಿಂಶೋಧನೆ ಎನ್ನಲಿಲ್ಲ. ಹೆಂಗಸರ ನಡುವೆ ಕೂತು, ಎಲ್ಲಿಗೆ ಹೊಂಟೀರವ್ವಾ ಎಂದರು, ಹಡದೀರೇನು ಎಂದರು, ಒಬ್ಬಾಕೆಯ ಕೂಸನ್ನು ಎತ್ತಿಕೊಂಡರು. ಅರ್ಧ ಗಂಟೆಯೊಳಗೆ ಎದ್ದು ಬಂದು ಗಂಡನ ಮುಂದೆ ನಿಂತರು.

"ಬರಕೋರಿ. ಹಿಂದ ಒಂದು ಬಾಥ್‌ರೂಮ್ ಅದ. ಒಳಗ ಚಿಲಕ ಸರಿಯಾಗಿ ಬೀಳ್ತದ, ನೀರು ಅದ, ದೀಪ ಅದ, ಬಾಗಿಲದಾಗ ಗಂಡಸ್ರು ನಿಂದ್ರೂದಿಲ್ಲ. ಕೀಲಿ ಚನ್ನಬಸವ್ವನ ಸೊಂಟದಾಗ. ಇಲ್ಲಿಂದ ಮನಿ ಮುಟ್ಟೂತನಕಾ ಈ ಹೆಣ್ಮಕ್ಕಳಿಗೆ ಇನ್ನೊಂದು ಇಂಥಾ ಜಾಗಾ ಇಲ್ಲಂತ. ಅದಕ್ಕ ಬರ್ತಾರ. ರೊಟ್ಟಿ ಆಮ್ಯಾಲಿನ ಮಾತು."

ರಾಯರು ಕಿಸೆಯಿಂದ ಫಾರ್ಮು ತೆಗೆದು ಮೇಲಿಂದ ಕೆಳಗಿನವರೆಗೆ ನೋಡಿದರು. ನಲವತ್ತೆರಡು ಪ್ರಶ್ನೆಗಳಲ್ಲಿ ಈ ಉತ್ತರಕ್ಕೆ ಜಾಗವಿರಲಿಲ್ಲ. ಮನೆಗೆ ಹೋಗಿ ಬೇರೆ ಹಾಳೆಯ ಮೇಲೆ, ಕನ್ನಡದಲ್ಲಿ, ನಾಲ್ಕು ಪುಟ ಬರೆದರು. ಚೀಲವಿಡುವ ಬೆಂಚು, ಬಸ್ಸಿನ ವೇಳೆ, ಬಾಥ್‌ರೂಮು. ಈ ಮೂರಕ್ಕೆ ಕೈ ಹಚ್ಚಬಾರದು ಎಂದು ಕೊನೆಗೆ ಅಡಿಗೆರೆ ಎಳೆದರು. ಅಷ್ಟು ಸಂತೋಷದಿಂದ ಅವರು ನೌಕರಿಯಲ್ಲಿ ಒಂದು ಸಾಲನ್ನೂ ಬರೆದಿರಲಿಲ್ಲ.

ಪ್ರಣವ ಆ ಹಾಳೆಗಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. "ಸೂಪರ್ ಅಂಕಲ್, ಹ್ಯಾಂಡ್‌ರೈಟಿಂಗ್ ಎಷ್ಟು ಚೆನ್ನಾಗಿದೆ! ಆದ್ರೆ ಇದೆಲ್ಲ ಬರೀ ಕತೆ ಆಯ್ತಲ್ವಾ? ನಮಗೆ ಡೇಟಾ ಬೇಕು. ಹತ್ತಕ್ಕೆ ಹತ್ತು ಬಂದಿದೆಯಲ್ಲ, ಅದು ಸಾಕು." ಹೀಗೆಂದು ಫಾರ್ಮುಗಳನ್ನು ಬ್ಯಾಗಿಗೆ ಹಾಕಿಕೊಂಡ. ನಾಲ್ಕು ಪುಟಗಳನ್ನು ಮರ್ಯಾದೆಯಿಂದ ವಾಪಸು ಕೊಟ್ಟ. ರಾಯರು ಅವನ್ನು ಮಡಚಿ ಕಿಸೆಗಿಟ್ಟರು. ಆ ದಿನ ಊಟದಲ್ಲಿ ಏನು ತಿಂದೆ ಎಂಬುದು ಅವರಿಗೆ ನೆನಪಿಲ್ಲ.

ಮುಂದಿನದು ಚುರುಕಾಗಿ ನಡೆಯಿತು. ಪ್ರಣವ ಬಣ್ಣಬಣ್ಣದ ಚಿತ್ರ ತೋರಿಸಿದ. ಹೊಳಬಸಪ್ಪ ಅರ್ಥವಾಗದ ಕಡೆಯಲ್ಲೆಲ್ಲ ತಲೆಯಾಡಿಸಿದ, ಅಂದರೆ ಉದ್ದಕ್ಕೂ ಆಡಿಸಿದ. ಖಾನಾವಳಿಯ ಹೆಸರು ‘ಜೋಳ ಸ್ಟೋರಿ’ ಆಯಿತು. ರೊಟ್ಟಿಯನ್ನು ತ್ರಿಕೋನವಾಗಿ ಕತ್ತರಿಸಿ, ಎಣ್ಣೆಗಾಯಿಯನ್ನು ಚಹದ ಕಪ್ಪಿನಷ್ಟು ಬಟ್ಟಲಲ್ಲಿ ಹಾಕಿ, ಕರಿ ಕಲ್ಲಿನ ಹಲಗೆಯ ಮೇಲಿಟ್ಟು ಕೊಡತೊಡಗಿದರು. ಕೂತವರ ನೋಟಕ್ಕೆ ಅಡ್ಡ ಬರುತ್ತದೆಂದು ಉದ್ದ ಬೆಂಚು ಹೊರಗೆ ಹೋಯಿತು. ಬಾಥ್‌ರೂಮನ್ನು ಒಡೆದು, ಅಲ್ಲಿ ಪ್ಲಾಸ್ಟಿಕ್ಕಿನ ಬಳ್ಳಿ ಹಬ್ಬಿಸಿ, ಗಿರಾಕಿಗಳು ಫೋಟೋ ತೆಗೆಸಿಕೊಳ್ಳಲು ಒಂದು ಉಯ್ಯಾಲೆ ಕಟ್ಟಿದರು. ಚನ್ನಬಸವ್ವ ಬಸ್ಸಿನ ವೇಳೆ ಕೂಗಿ ಹೇಳುವುದು ಬ್ರ್ಯಾಂಡಿಗೆ ಒಗ್ಗುವುದಿಲ್ಲವೆಂದು ಅವಳನ್ನು ಒಳಗೆ ಕೂಡಿಸಿದರು.

ಉದ್ಘಾಟನೆಯ ದಿನ ಪ್ರಣವನ ಗೆಳೆಯರು ಹನ್ನೆರಡು ಜನ ಬಂದು ಉಯ್ಯಾಲೆಯಲ್ಲಿ ಕೂತು ಫೋಟೋ ತೆಗೆಸಿಕೊಂಡರು. ಊಟಕ್ಕೆ ಬೇರೆ ಕಡೆ ಹೋದರು.

ಆರು ವಾರದ ಮೇಲೆ ರಾಯರಿಗೆ ತಡೆಯಲಾಗಲಿಲ್ಲ, ಕಾತ್ರಜಕ್ಕೆ ಹೋದರು. ಬಸ್ಸಿಗೆ ಕಾಯುವವರು ರಸ್ತೆಯಲ್ಲೇ, ಬ್ಯಾಗಿನ ಮೇಲೆ ಕೂತಿದ್ದರು. ಒಳಗೆ ಹೊಳಬಸಪ್ಪ ಒಬ್ಬನೇ ನೊಣಗಳಿಗೆ ಯಜಮಾನನಾಗಿದ್ದ. ಅವನು ಪ್ರಣವನನ್ನು ಕೇಳಿದರೆ, ಹೊಸ ಗಿರಾಕಿ ಬರುವ ಮೊದಲು ಹಳೆ ಗಿರಾಕಿ ಹೋಗುವುದು ಒಳ್ಳೆಯ ಲಕ್ಷಣ ಎಂದಿದ್ದನಂತೆ. ಲಕ್ಷಣ ಮಾತ್ರ ಭರ್ತಿಯಾಗಿತ್ತು. ಮಾತು ಕೇಳಿ ಚನ್ನಬಸವ್ವ ಒಳಗಿನಿಂದ ಬಂದಳು.

"ಸಾಹೇಬ್ರ, ಮೂರ ದಿನ ಕುಂತ ಏನ ಬರಕೊಂಡ ಹೋದ್ರಿ? ನಮಗೇನರ ಹೇಳಿದ್ರೇನು?"

ರಾಯರು ಅಂಗಿ ಬದಲಿಸಿದರೂ ಕಿಸೆಯೊಳಗಿನದು ಬದಲಾಗಿರಲಿಲ್ಲ. "ಪ್ರಣವಗ ಇವು ಬ್ಯಾಡಾದ್ವು" ಎನ್ನುತ್ತ ಆ ಹಾಳೆಗಳನ್ನು ತೆಗೆದರು. ಚನ್ನಬಸವ್ವನಿಗೆ ಓದು ಬರದು. "ಓದಿ ಹೇಳ್ರಿ" ಎಂದು ಎದುರಿಗೆ ಕೂತಳು. ರಾಯರು ನಾಲ್ಕೂ ಪುಟ ಓದಿದರು. ನಿಪ್ಪಾಣಿಯ ಮಾಸ್ತರರ ಮಾತು ಬಂದಾಗ ಚನ್ನಬಸವ್ವ ಸೆರಗು ಬಾಯಿಗೆ ಹಚ್ಚಿ ನಕ್ಕಳು. ಬಾಥ್‌ರೂಮಿನ ಮಾತು ಬಂದಾಗ ನಗಲಿಲ್ಲ.

"ಮತ್ತೊಮ್ಮೆ ಓದ್ರಿ, ಅದೊಂದ" ಎಂದಳು.

ರಾಯರ ಬರಹವನ್ನು ಎರಡನೆಯ ಸಲ ಕೇಳಬಯಸಿದ ಮೊದಲ ವ್ಯಕ್ತಿ ಇವಳು. ಓದಿದರು.

ಚನ್ನಬಸವ್ವ ಎದ್ದು ಗಂಡನ ಕಡೆ ತಿರುಗಿದಳು. "ಇಪ್ಪತ್ತ ವರ್ಷ ನಾ ಬಡಕೊಂಡಿದ್ದು ಇದನ್ನ. ನೀ ನನ್ನ ಮಾತ ಕೇಳಲಿಲ್ಲ, ಇವರದು ಆ ಪ್ರಣವ ಕೇಳಲಿಲ್ಲ. ಈಗ ಬಾಥ್‌ರೂಮ್ ಕಟ್ಟಲಿಕ್ಕೆ ಗವಂಡ್ಯಾನ್ನ ಕರಸ್ತೀಯೋ, ನಾನ ಆ ಜೋಕಾಲಿ ಕಿತ್ತಲೋ?"

ಹೊಳಬಸಪ್ಪ, "ಕಿತ್ತಬ್ಯಾಡ, ಕರಸ್ತೇನಿ" ಎಂದ. ಆ ವರ್ಷ ಅವನು ಕೈಗೊಂಡ ನಿರ್ಧಾರಗಳಲ್ಲಿ ಯಾರ ಸಲಹೆಗೂ ಹಣ ಕೊಡದೆ ಬಂದದ್ದು ಇದೊಂದೇ.

ಒಂದು ತಿಂಗಳಲ್ಲಿ ಬಾಥ್‌ರೂಮು ಎದ್ದಿತು. ಈ ಸಲ ಎರಡು. ಬೆಂಚು ಒಳಗೆ ಬಂತು, ರೊಟ್ಟಿ ದುಂಡಗಾಯಿತು. ‘ಜೋಳ ಸ್ಟೋರಿ’ ಎಂಬ ಹಲಗೆಯನ್ನು ಬಿಸಾಡಲು ಮನಸ್ಸಾಗದೆ ತಿರುವಿ ಹಾಕಿ, ಹಿಂಭಾಗದಲ್ಲಿ ಬಸ್ಸುಗಳ ವೇಳೆ ಬರೆಸಿದರು. ಬರೆದವರು ರಾಯರೇ. ಹೆಂಗಸರು ಮೊದಲು ಬಂದರು, ಗಂಡಸರು ಅವರ ಹಿಂದೆ.

ಇದನ್ನು ಕಂಡು ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ಪ್ರಣವ. ಶಿವಾಜಿನಗರದ ಒಂದು ಸಭಾಂಗಣದಲ್ಲಿ ಸಣ್ಣ ಉದ್ಯಮಿಗಳಿಗಾಗಿ ಭಾಷಣ ಇಟ್ಟುಕೊಂಡು, ಕಾತ್ರಜದ ಖಾನಾವಳಿಯ ಕತೆಯನ್ನು ಪರದೆಯ ಮೇಲೆ ತೋರಿಸಿದ. ನೆಲಮಟ್ಟದ ಆಳವಾದ ಸಂಶೋಧನೆಯಿಂದ ಘನತೆ ಎಂಬ ಮೌಲ್ಯವನ್ನು ತನ್ನ ತಂಡ ಹೇಗೆ ಪತ್ತೆಹಚ್ಚಿತು ಎಂದು ವಿವರಿಸಿದ. ಉಯ್ಯಾಲೆಯ ಆರು ವಾರಕ್ಕೆ ‘ಪ್ರಯೋಗದ ಹಂತ’ ಎಂದು ಹೆಸರಿಟ್ಟಿದ್ದ. ಧನ್ಯವಾದದ ಪಟ್ಟಿಯಲ್ಲಿ ಪ್ಲಾಸ್ಟಿಕ್ ಬಳ್ಳಿ ಪೂರೈಸಿದವರ ಹೆಸರೂ ಇತ್ತು. ಮಾರ್ತಾಂಡರಾಯರದು ಇರಲಿಲ್ಲ. ಅವರಿಗೂ ಶಾಮಲಾಬಾಯಿಗೂ ಮುಂದಿನ ಸಾಲಿನಲ್ಲಿ ಕುರ್ಚಿ ಮಾತ್ರ ಕೊಟ್ಟಿದ್ದ.

ಪ್ರಶ್ನೆ ಕೇಳಬಹುದು ಎಂದಾಗ ಎದ್ದವರು ಶಾಮಲಾಬಾಯಿ. ಸುತ್ತಲಿನವರಿಗೆಲ್ಲ ತಿಳಿಯಲಿ ಎಂದು ಶುದ್ಧ ಮರಾಠಿಯಲ್ಲಿ, ಬಹಳ ವಿನಯದಿಂದ, "ಆ ಹೊಸ ಬಾಥ್‌ರೂಮುಗಳು ಎಲ್ಲಿವೆ, ಎಡಕ್ಕೋ ಬಲಕ್ಕೋ, ಹೇಳ್ತೀರಾ?" ಎಂದು ಕೇಳಿದರು.

ಪ್ರಣವ ಪರದೆಯ ಕಡೆ ನೋಡಿದ. ಪರದೆಯ ಮೇಲೆ ಘನತೆ ಎಂದಷ್ಟೇ ಇತ್ತು. "ಗ್ರೇಟ್ ಕ್ವೆಶ್ಚನ್, ಆಂಟಿ. ಆಮೇಲೆ ಮಾತಾಡೋಣ" ಎಂದ. ಜನ ನಕ್ಕರು. ನಕ್ಕವರೇ ಸಭೆ ಮುಗಿದ ಮೇಲೆ ಅವನ ವಿಳಾಸದ ಕಾರ್ಡು ತೆಗೆದುಕೊಳ್ಳಲು ಸಾಲು ನಿಂತರು.

ಆದರೆ ಹಿಂದಿನ ಸಾಲಿನಿಂದ ಒಬ್ಬ ಮಾತ್ರ ಗಂಡಹೆಂಡಿರನ್ನು ಹುಡುಕಿಕೊಂಡು ಬಂದ. ಪಿಂಪ್ರಿ-ಚಿಂಚವಾಡದ ಕಾರ್ಮಿಕರ ಕಾಲೋನಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಮೋಹನದಾಸ್. ಗಿರಾಕಿ ಕಡಿಮೆಯಾಗುತ್ತಿದ್ದಾರೆ, ಕಾರಣ ತಿಳಿಯದು ಎಂದ. ಮರುವಾರ ಶಾಮಲಾಬಾಯಿ ಗೋದಿಯ ಡಬ್ಬಿ ಹಿಡಿದು ಅವನ ಗಿರಣಿಯ ಪಾಳಿಯಲ್ಲಿ ನಿಂತರು. ರಾಯರು ಎದುರಿನ ಚಹದಂಗಡಿಯಲ್ಲಿ ಬರೆಯುವ ವಹಿ ತೆಗೆದು ಕೂತರು. ತಿರುಗಿ ಬಂದು ಆಕೆ ಹೇಳಿದ್ದು ಇಷ್ಟು: ಹಿಟ್ಟೇನೋ ನುಣ್ಣಗೇ ಬೀಳುತ್ತದೆ, ಆದರೆ ಡಬ್ಬಿಯ ತೂಕ ನೋಡಿ ಯಾರ ಮನೆಗೆ ಬೀಗರು ಬಂದಿದ್ದಾರೆ, ಯಾರ ಸೊಸೆ ತವರಿಗೆ ಹೋಗಿದ್ದಾಳೆ ಎಂದು ಮೋಹನದಾಸ್ ಇಡೀ ಪಾಳಿಗೆ ಕೇಳುವಂತೆ ಹೇಳುತ್ತಾನೆ.

ರಾಯರು ಇದನ್ನು ಮೆತ್ತಗೆ ತಿಳಿಸಿದಾಗ ಮೋಹನದಾಸ್ ಕಿವಿ ಹಿಡಿದುಕೊಂಡ. "ಛೇ ಛೇ, ನಾನು ಹಾಗೆಲ್ಲ ಆಡುವವನೇ ಅಲ್ಲ ಸಾಹೇಬ್ರ. ಯಾರು ಹೇಳಿದ್ದು? ಮೂಲೆಮನೆ ಬಾಯಾರೇ ಇರಬೇಕು. ಮಗ ಬೇರೆ ಮನೆ ಮಾಡಿದಾಗಿನಿಂದ ಅವರದು ತಿಂಗಳಿಗೆ ಅರ್ಧ ಡಬ್ಬಿಯೂ ಇಲ್ಲ."

ರಾಯರು ತಲೆಯೆತ್ತದೆ ಅದನ್ನೂ ಬರೆದುಕೊಂಡರು. ಶಾಮಲಾಬಾಯಿ ಬಿಸಿ ಹಿಟ್ಟಿನ ಡಬ್ಬಿಯನ್ನು ಎತ್ತಿ ಗಂಡನ ಕೈಗೆ ಕೊಟ್ಟು, ಸ್ಟೇಶನ್ನಿನ ಕಡೆ ನಡೆದರು.