ಮೂಡ್ಲಾಗೆ ಇಬ್ಬರು

ಮೈಕ್ ತೆರೆದಿಟ್ಟುಕೊಂಡು ಚಕ್ಕುಲಿ ಕಡಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಲವತ್ತು ದಾಟಿದ ಮೇಲೆ ಮೊಬೈಲಿನಲ್ಲಿ ಬಂದೂಕಿನ ಆಟ ಆಡುವವರಿಗೆ ಇಷ್ಟೊಂದು ಸಿಟ್ಟು ಯಾಕೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಕೇಳಲಿ. ನಾಲ್ಕು ಜನ ಬೇರೆ ಬೇರೆ ಕಡೆ ಕೂತು ಒಂದೇ ತಂಡವಾಗಿ ಆಡುವಾಗ ನಮ್ಮ ನಡುವೆ ಇರುವುದು ಮಾತೊಂದೇ. ಎದುರಾಳಿ ಯಾವ ದಿಕ್ಕಿನಲ್ಲಿದ್ದಾನೆ, ಎಷ್ಟು ಜನ, ಎಷ್ಟು ದೂರ. ಅಷ್ಟು ಹೇಳಿ ಬಾಯಿ ಮುಚ್ಚಬೇಕು. ಅವನ ಹೆಜ್ಜೆ ಸಪ್ಪಳ ಕೇಳಿಸುವುದು ನಾವು ಸುಮ್ಮನಿದ್ದಾಗ ಮಾತ್ರ.

ಇದನ್ನು ನಮ್ಮ ನಾಯಕರಿಗೆ ಹೇಳುವವರು ಯಾರು? ಅವರು ಅರಸೀಕೆರೆಯ ಕೊಬ್ಬರಿ ಮಂಡಿಯ ಸಾವ್ಕಾರರು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮಂಡಿಯಲ್ಲೇ ಕೂತು ಆಡುತ್ತಾರೆ. ಮೂಟೆ ಧೊಪ್ಪೆಂದು ಬೀಳುವ ಸದ್ದು, ಫ್ಯಾನಿನ ಕಿರಕಿರ, ಹಮಾಲರನ್ನು ಬೈಯುವುದು ಎಲ್ಲವೂ ನಮ್ಮ ಕಿವಿಗೆ. ಯಾರಾದರೂ ಕಂಡರೆ, "ಅಲ್ಲಿ, ಅಲ್ಲಿ, ಆ ಕಡೆ ಕಣ್ರೀ, ಹೊಡೀರಿ" ಎನ್ನುತ್ತಾರೆ. ಯಾವ ಕಡೆ? ಅವರು ತೋರಿಸುವ ಬೆರಳು ನಮಗೆ ಕಾಣುತ್ತದೆಯೇ? ಆಟದಲ್ಲಿ ಸತ್ತವರು ಬದುಕಿರುವವರಿಗೆ ಬುದ್ಧಿ ಹೇಳಬಾರದು. ಸಾವ್ಕಾರರ ಬಾಯಿ ಸರಿಯಾಗಿ ತೆರೆದುಕೊಳ್ಳುವುದೇ ಸತ್ತ ಮೇಲೆ.

ಮೂರನೆಯವಳು ನನ್ನ ತಂಗಿ. ಹಳೇಬೀಡಿನಲ್ಲಿ ಶಾಲೆಯ ಮೇಡಂ. ಬೇಕಾದಷ್ಟೇ ಮಾತಾಡುತ್ತಾಳೆ. ನಾಲ್ಕನೆಯವರು ಗಂಡಸಿ ಎಂಬ ಊರಿನ ಕಡೆಯ ತೆಂಗಿನ ತೋಟದವರು. ಅವರನ್ನು ತಂಡಕ್ಕೆ ಕರೆತಂದವನು ನಾನೇ. ನಾನು ಅರಸೀಕೆರೆಯಲ್ಲಿ ಜಮೀನಿನ ಪತ್ರ ಬರೆದು ಬದುಕುವವನು. ಅಣ್ಣತಮ್ಮಂದಿರ ವಿಭಾಗ ಪತ್ರ ಬರೆಸಲು ಬಂದಿದ್ದ ಅವರು, ನನ್ನ ಮೊಬೈಲಿನಲ್ಲಿ ಆಟ ಕಂಡು, "ಇದ್ನ ನಾನೂ ಆಡ್ತೀನಿ ಸ್ವಾಮಿ" ಎಂದು ನಾಚಿಕೊಂಡಿದ್ದರು. ತೋಟದಲ್ಲಿ ಸಿಗ್ನಲ್ ಸಿಗದೆ ಪಂಪ್‌ಹೌಸಿನ ತಾರಸಿ ಹತ್ತಿ, ಬಿಸಿಲಿಗೆ ತಲೆಗೆ ಟವೆಲ್ ಹಾಕಿಕೊಂಡು ಆಡುತ್ತಿದ್ದರು. "ವಾರ ಎಲ್ಲ ಇದೊಂದ್ ಗಂಟೆಗೇ ಕಾಯ್ತೀನಿ" ಎಂದಿದ್ದರು.

ಅವರು ಎಂದೂ 'ಆ ಕಡೆ' ಎಂದವರಲ್ಲ. "ಮೂಡ್ಲಾಗೆ ಇಬ್ರವ್ರೆ, ಗೋಡೆ ಮರೇಲಿ." "ಬಡಗ್ಲಿಂದ ಒಬ್ಬ ಬತ್ತಾವ್ನೆ." ಪರದೆಯ ಮೇಲ್ತುದಿಯಲ್ಲಿ ದಿಕ್ಕು ತೋರಿಸುವ ಪಟ್ಟಿ ಇದೆ. ಮೂಡಲು ಎಂದರೆ ಪೂರ್ವ, ಬಡಗಲು ಎಂದರೆ ಉತ್ತರ. ಅದಕ್ಕಿಂತ ಖಚಿತವಾಗಿ ಹೇಳಲು ಯಾರಿಂದಲೂ ಆಗದು. ಸಾವ್ಕಾರರು ಮಾತ್ರ ನಗುತ್ತಿದ್ದರು. "ಏನ್ರೀ, ಜಮೀನಿನ ಚೆಕ್ಕುಬಂದಿ ಓದ್ತಿದೀರಾ?"

ನಾನೂ ನಕ್ಕೆ. ಚೆಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ, ಬರೆದೇ ಹೊಟ್ಟೆ ಹೊರೆಯುವವನು ನಾನು. ಹಳೆಯ ಪತ್ರಗಳಲ್ಲಿ ಮೂಡಲು, ಪಡುವಲು ಎಂಬುದನ್ನು ದಿನವೂ ಓದುತ್ತೇನೆ. ಆ ಮಾತು ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗುತ್ತಿದ್ದುದು ನನಗೇ. ಆದರೂ ನಕ್ಕೆ, ಯಾಕೆಂದರೆ ಸಾವ್ಕಾರರ ಮನೆತನದ ಪತ್ರಗಳೆಲ್ಲ ನನ್ನಲ್ಲಿಗೇ ಬರುತ್ತವೆ.

ಬೇಲೂರಿನವರ ತಂಡದ ಮೇಲೆ ಒಂದು ಭಾನುವಾರಕ್ಕೆ ಪಂದ್ಯ ನಿಗದಿಯಾಯಿತು. ಹಿಂದಿನ ದಿನ ಸಾವ್ಕಾರರು ಗುಂಪಿನ ಫೋನ್ ಕರೆಯಲ್ಲಿ ಎಲ್ಲರೂ ಇರುವಾಗಲೇ ಹೇಳಿದರು: "ನಾಳೆ ಗಂಡಸಿಯವ್ರು ನೆಟ್ಟಗೆ ಹೇಳ್ಲಿಲ್ಲ ಅಂದ್ರೆ ಬೇರೆಯವ್ರನ್ನ ಹಾಕ್ಕೊಳೋಣ." ಗಂಡಸಿಯವರು, "ಆಯ್ತು ಸ್ವಾಮಿ, ಹೇಳ್ತೀನಿ" ಎಂದರು.

ಮರುದಿನ ಕೊನೆಯ ಸುತ್ತಿನವರೆಗೂ ನಾಲ್ವರೂ ಉಳಿದಿದ್ದೆವು. ಎದುರಾಳಿಗಳು ಇಬ್ಬರೇ. ನಾನು ಒಂದು ಪಾಳುಮನೆಯ ಬಾಗಿಲಲ್ಲಿ ಪಡುವಲಿಗೆ, ಅಂದರೆ ಪಶ್ಚಿಮಕ್ಕೆ, ಮುಖ ಮಾಡಿ ನಿಂತಿದ್ದೆ. ಸಾವ್ಕಾರರು ಒಂದೇ ಸಮ ಕೂಗುತ್ತಿದ್ದರು, ಮಂಡಿಯಲ್ಲಿ ಮೂಟೆಗಳು ಬೀಳುತ್ತಿದ್ದವು, ಅದರ ನಡುವೆ ಗಂಡಸಿಯವರ ದನಿ. ಎರಡೂ ಸೇರಿ ಏನೂ ಕೇಳುತ್ತಿರಲಿಲ್ಲ. ಒಬ್ಬರ ದನಿಯನ್ನು ನನ್ನ ಮೊಬೈಲಿನಲ್ಲಿ ಬಂದ್ ಮಾಡಲೇಬೇಕಿತ್ತು. ಬೆರಳು ಮೊದಲು ಹೋದದ್ದು ಸಾವ್ಕಾರರ ಹೆಸರಿಗೆ. ಅವರಿಗೆ ಗೊತ್ತಾದರೆ ಎಂದು ಹಿಂದಕ್ಕೆ ಬಂತು. ಗಂಡಸಿಯವರ ಹೆಸರನ್ನು ಒತ್ತಿದೆ.

ಅರ್ಧ ನಿಮಿಷವೂ ಆಗಲಿಲ್ಲ. ಬೆನ್ನ ಹಿಂದಿನಿಂದ ಗುಂಡು ಬಿದ್ದು ನಾನು ಸತ್ತೆ. ನನ್ನ ಹಿಂದೆಯೇ ಸಾವ್ಕಾರರು, ತಂಗಿ, ಕೊನೆಗೆ ಗಂಡಸಿಯವರು. ಸೋತೆವು.

"ನೋಡಿದ್ರಾ? ಗಂಡಸಿಯವ್ರು ಒಂದ್ ಮಾತೂ ಆಡ್ಲಿಲ್ಲ. ನೀವೇ ಹೇಳಿ, ನಿಮಗೇನಾದ್ರೂ ಕೇಳಿಸ್ತಾ?" ಎಂದು ಸಾವ್ಕಾರರು ನನ್ನನ್ನು ಕೇಳಿದರು.

"ಇಲ್ಲ" ಎಂದೆ. ಆ ಪದದಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ಅದು ಅಷ್ಟು ಹೊಲಸು. ಸಾವ್ಕಾರರು ಅಲ್ಲೇ ಅವರನ್ನು ತಂಡದಿಂದ ತೆಗೆದುಹಾಕಿದರು.

ಮಧ್ಯಾಹ್ನ ತಂಗಿ ಫೋನ್ ಮಾಡಿದಳು. "ಅಣ್ಣಾ, ಅವ್ರು ಮೂರು ಸಲ ಹೇಳಿದ್ರು. ಮೂಡ್ಲಾಗೆ ಇಬ್ರು, ನಿಮ್ ಬೆನ್ನಿಗೆ ಅಂತ. ನಾನು ಸಾಯೋ ಮುಂಚೆ ಕೇಳಿಸ್ಕೊಂಡೆ. ನೀನು ಅವ್ರನ್ನ ಮ್ಯೂಟ್ ಮಾಡಿದ್ಯಾ?"

"ಸಾವ್ಕಾರ್ರು ಅಷ್ಟು ಕೂಗ್ತಿದ್ರೆ ಇನ್ನೇನ್ ಮಾಡ್ಲಿ ಕಣೇ?"

"ಕೂಗ್ತಿದ್ದೋರನ್ನ ಮ್ಯೂಟ್ ಮಾಡ್ಬೇಕಿತ್ತು" ಎಂದಳು.

ಎಷ್ಟು ವರ್ಷದಿಂದ ಈ ಗದ್ದಲದವರ ಮೇಲೆ ಹಲ್ಲು ಕಡಿದಿದ್ದೇನೆ ನಾನು. ಮೈಕಿನ ಮರ್ಯಾದೆಯ ಬಗ್ಗೆ ಊರಿಗೆಲ್ಲ ಪಾಠ ಹೇಳಿದ್ದೇನೆ. ಬಾಯಿ ಮುಚ್ಚಿಸುವ ಹೊತ್ತು ಬಂದಾಗ ಕೈಗೆ ಸಿಕ್ಕವರು ಮೆತ್ತಗಿದ್ದವರು. ಸಾವ್ಕಾರರ ಮೇಲಿನ ಸಿಟ್ಟು ಇನ್ನೂ ಇದೆ. ಆದರೆ ಆ ಮಧ್ಯಾಹ್ನ ನನ್ನ ಮೇಲೆ ಬಂದ ಸಿಟ್ಟಿನ ಮುಂದೆ ಅದು ಏನೂ ಅಲ್ಲ.

ಸಂಜೆ ಗಂಡಸಿಯವರಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು. "ತಪ್ಪಾಯ್ತು ಸ್ವಾಮಿ. ನಾನ್ ಹೇಳ್ತಾನೇ ಇದ್ದೆ, ನಿಮ್ಗೆ ಮುಟ್ಟಿಲ್ಲ. ಈ ತಾರಸಿ ಮೇಲೂ ಸಿಗ್ನಲ್ ನೆಟ್ಟಗಿಲ್ಲ. ಬೇರೆ ಸಿಮ್ ಹಾಕ್ಸಿ ನೋಡ್ತೀನಿ. ಸಾವ್ಕಾರ್ರಿಗೆ ನೀವ್ ಒಂದ್ ಮಾತು ಹೇಳಿ."

ಸುಮ್ಮನೆ ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆಸೆಯೂ ಆಯಿತು. ಆದರೆ ಹೇಳಿದೆ. ಸಿಗ್ನಲ್ ಅಲ್ಲ, ನಿಮ್ಮ ದನಿಯನ್ನು ಬಂದ್ ಮಾಡಿದ್ದು ನಾನೇ ಎಂದೆ. ಯಾಕೆ ಎಂಬುದನ್ನೂ ಹೇಳಿದೆ. ಸಾವ್ಕಾರರಿಗೂ ಇದನ್ನೇ ಹೇಳುತ್ತೇನೆ, ಭಾನುವಾರ ಬನ್ನಿ ಎಂದೆ.

ಅವರ ಹಿಂದೆ ಪಂಪಿನಿಂದ ನೀರು ಬೀಳುವ ಸದ್ದು ಚೆನ್ನಾಗಿ ಕೇಳುತ್ತಿತ್ತು.

"ಅಂಗಾರೆ ನಮ್ ಸಿಗ್ನಲ್ ಸರಿಯಾಗೇ ಇತ್ತು ಅನ್ನಿ" ಎಂದು ಹೇಳಿ ಫೋನ್ ಇಟ್ಟರು.