ವಿಷಾದದ ಮೇಷ್ಟ್ರು
ಕೋಲಾರದ ಪಿಳ್ಳಪ್ಪ ಮೇಷ್ಟ್ರಿಗೆ ರಿಟೈರಾದ ಮೇಲೆ ಗಂಟುಬಿದ್ದ ಕಸುಬು ಒಂದೇ: ರಾಜಕಾರಣಿಗಳು ನಾಲಿಗೆ ಹರಿಬಿಟ್ಟಾಗಲೆಲ್ಲ ಪೇಪರಿನವರಿಗೆ ವಿಷಾದದ ಹೇಳಿಕೆ ಬರೆದುಕೊಡುವುದು. ಎದುರು ಪಕ್ಷದವನ ಕಳಪೆ ರಸ್ತೆಯನ್ನು ಬೈಯಲು ವೇದಿಕೆ ಹತ್ತಿದವರು ಅವನ ಮೈಬಣ್ಣವನ್ನು ಬೈದು ಇಳಿಯುತ್ತಾರೆ. ಮರುದಿನ ಪ್ರತಿಕೃತಿ ಸುಟ್ಟ ಹೊಗೆ ಆರುವ ಮೊದಲೇ ಮೇಷ್ಟ್ರ ಮನೆ ಮುಂದೆ ಕಾರು ನಿಲ್ಲುತ್ತದೆ. ಸುಟ್ಟವರಿಗೆ ಖಂಡನೆ ಬರೆದುಕೊಟ್ಟವರೂ ಈ ಮೇಷ್ಟ್ರೇ ಅನ್ನುವುದು ಎಲ್ಲರಿಗೂ ಗೊತ್ತು. "ಕ್ಷಮೆ ಅಂತ ಮಾತ್ರ ಹಾಕ್ಬೇಡಿ, ಸೋತಂಗಾಗ್ತದೆ" ಅನ್ನುತ್ತಾರೆ ಬಂದವರು. ಮೇಷ್ಟ್ರು ಆಕಳಿಸುತ್ತಲೇ "ನನ್ನ ಮಾತನ್ನು ತಿರುಚಲಾಗಿದೆ, ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ" ಎಂದು ಗೀಚುತ್ತಾರೆ. "ಒಂದು ನೂರು ಜೆರಾಕ್ಸ್ ಮಾಡ್ಸಿಟ್ಕೊಳ್ಳಿ, ಕೈನೋವಾದ್ರೂ ತಪ್ತದೆ" ಅನ್ನುತ್ತಾರೆ ಹೆಂಡತಿ ಮುನಿಶಾಮಮ್ಮ. ಮೊನ್ನೆ ಶ್ರೀನಿವಾಸಪುರದ ಸಭೆಯಲ್ಲಿ "ಆ ಇದ್ದಲು ಮೂತಿಗೆ ವೋಟು ಹಾಕ್ತೀರಾ?" ಅಂದು ಸಿಕ್ಕಿಬಿದ್ದ ಮುಖಂಡರು ಮೇಷ್ಟ್ರ ಜೊತೆ ಒಂದೇ ಬೆಂಚಿನಲ್ಲಿ ಓದಿದವರು. ಹೇಳಿಕೆಯನ್ನು ಎರಡು ಸಲ ಓದಿಸಿ ಕೇಳಿದರು. ನಿಟ್ಟುಸಿರುಬಿಟ್ಟು, ಪ್ರೀತಿಯಿಂದಲೇ ಬೆನ್ನು ತಟ್ಟಿದರು: "ನೀನಿಲ್ದಿದ್ರೆ ನನ್ನ ಕತೆ ಮುಗೀತಿತ್ತು ಕಣೋ, ಕರಿಯಾ!" ಒಂದನೇ ಕ್ಲಾಸಿನಿಂದಲೂ ಅವರು ಕರೆಯುವುದು ಹಾಗೇ, ಪಿಳ್ಳಪ್ಪ ಅಂದದ್ದು ಮೇಷ್ಟ್ರಿಗೆ ನೆನಪಿಲ್ಲ. ಮೇಷ್ಟ್ರು ಎಂದಿನಂತೆ ನಕ್ಕು, ಪೆನ್ನಿಗೆ ಮುಚ್ಚಳ ಹಾಕಿದರು.