ಮುಖ್ಯ ಅತಿಥಿಗಳ ತಲಿ ಕೆಳಗಿನ ಫೋಟೋ

ದೋಸ್ತರ, ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕ ಇಲ್ಲೇ ಬರೀತೀನಿ. ಇವತ್ತ ಕಮಲಾಪುರದಾಗ ಹೆಣ್ಣಮಕ್ಕಳಿಗೆ ಕೈ ಮ್ಯಾಲೆ ನಿಂದ್ರೂದು ಕಲಸೂ ಯೋಗ ಶಿಬಿರ ಇತ್ತು. ಕಲಸಾಕ ಕಲಬುರಗಿಯಿಂದ ನಾ ಹೋಗಿದ್ದೆ. ವಾರ್ಮಪ್ ಮಾಡಿಸಿ ಎಲ್ಲಾರ ಮೈ ಸಡ್ಲ ಮಾಡಿದ್ದೆ. ಆಗ ಬಂದ್ರು ಮುಖ್ಯ ಅತಿಥಿ. ಶಾಲು, ಹಾರ, ಆಮ್ಯಾಲ 'ದೇಹದ ಮಾತು ಕೇಳ್ರಿ' ಅಂತ ಮುಗಿಯಲಾರದ ಭಾಷಣ. ಕುಂತು ಕುಂತು ಎಲ್ಲಾರ ಮೈ ಮತ್ತ ಬಿಗೀತು.

ಭಾಷಣ ಮುಗಿದ ಕೂಡ್ಲೆ, "ಎಲ್ಲಾರೂ ಗ್ವಾಡಿಗೆ ತಲಿ ಕೆಳಗ ಮಾಡಿ ನಿಂದ್ರಿ. ನಾ ನಡುವ ನಿಂದರ್ತೀನಿ, ಫೋಟೋ ಹೊಡೀಲಿ" ಅಂದ್ರು.

"ಮತ್ತ ವಾರ್ಮಪ್ ಆಗಬೇಕ್ರಿ ಸರ್. ಇಲ್ಲಾಂದ್ರ ಕೈ ಉಳಕ್ತಾವ" ಅಂದೆ.

"ನನಗ ಇನ್ನೊಂದು ಕಾರ್ಯಕ್ರಮ ಅದ. ಒಂದು ನಿಮಿಷದಾಗ ಏನಾಗ್ತದ್ರೀ?" ಅಂದು ಮೈಕಿನಾಗ ತಾವೇ "ಒನ್, ಟೂ, ತ್ರೀ" ಅಂದ್ರು.

ಪಾಪ, ಎಲ್ಲಾರೂ ಕಾಲು ಮ್ಯಾಲೆತ್ತಿದ್ರು. ಸಾಹೇಬ್ರು ಶಾಲು ಸರಿ ಮಾಡ್ಕೊಂಡು ಫೋಟೋ ಹೊಡಿಸ್ಕೊಳ್ಳೂತನಕ ಹಂಗೇ ನಿಂದರಬೇಕಾತು. ಕಲಬುರಗಿಯ ರೋಜಾ ಓಣಿಯಿಂದ ನನ್ನ ಜೋಡಿ ಬಂದಿದ್ದ ಶಹನಾಜ್ ಕುಸಿದು ಬಿದ್ಲು. ಮಣಿಕಟ್ಟು ಬದನೀಕಾಯಿ ಹಂಗ ಬಾತದ. ಸಾಹೇಬ್ರು ಹೊಳ್ಳಿ ಸೈತ ನೋಡದ ಕಾರು ಹತ್ತಿದ್ರು.

ಸಂಜಿಗೆ ಅವರದೇ ಫೋನ್. ಅಕಿ ಕೈ ಹೆಂಗದ ಅಂತ ಕೇಳ್ತಾರ ಅನ್ಕೊಂಡೆ.

"ಶಿಬಿರದ ವಾಟ್ಸಾಪ್ ಗ್ರೂಪಿನಾಗ ಆ ಫೋಟೋ ನೋಡೀರೇನ್ರಿ? ನನ್ನ ಮಾರಿ ಆಚೀಕಡಿ ಈಚೀಕಡಿ ಬರೇ ಕಾಲೇ ಕಾಲು! ಮಂದಿ ನಗಾಕತ್ತಾರ. ಈಗಿಂದೀಗ ತಗಸ್ರಿ!"

ತಗಸಂಗಿಲ್ರೀ ಸರ್. ಶಹನಾಜ್‌ಳ ಕೈ ಬಾವು ಇಳಿಯೂತನಕ ಅದೇ ನನ್ನ ಡಿಪಿ.